ಗುಡ್ಡದ ಮೇಲೆ ಕಾನೂನು ಸಾರುವ ದ್ವೀಪ: ಟಿನ್‌ವಾಲ್ಡ್ ನಿಜವಾದ ಶಾಸನಸಭೆಯೇ?

ಪ್ರಶ್ನೆ: ಸರ್, ನಾನು ಹಾಸನದ ಕಡೆಯವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳು ನರ್ಸ್, ಈಗ ಐಲ್ ಆಫ್ ಮ್ಯಾನ್ ಎಂಬ ದ್ವೀಪದಲ್ಲಿ ಕೆಲಸಕ್ಕಿದ್ದಾಳೆ. ಜುಲೈ 5ಕ್ಕೆ ಅಲ್ಲಿ ರಜೆಯಂತೆ. ಒಂದು ಹುಲ್ಲುಗುಡ್ಡದ ಮೇಲೆ ಶಾಸಕರು, ನ್ಯಾಯಾಧೀಶರು, ಬಿಷಪ್ ಎಲ್ಲ ಕೂತಿರುವ ಫೋಟೋ ಕಳಿಸಿದಳು. ಆ ವರ್ಷದ ಕಾನೂನುಗಳನ್ನು ಅಲ್ಲಿ ಗಟ್ಟಿಯಾಗಿ ಓದುತ್ತಾರಂತೆ. ಇದು ಪ್ರವಾಸಿಗರಿಗೆ ಮಾಡುವ ನಾಟಕವೋ, ನಿಜವಾದ ಶಾಸನಸಭೆಯೋ? ಪ್ರಪಂಚದಲ್ಲೇ ಹಳೆಯದು ಅಂತ ಬೇರೆ ಹೇಳುತ್ತಾಳೆ. ಲಂಡನ್ ಪಾರ್ಲಿಮೆಂಟ್ ಇರುವಾಗ ಇವರಿಗೆ ಎಷ್ಟು ಅಧಿಕಾರ ಇದ್ದೀತು?

ಉತ್ತರ: ಮೇಷ್ಟ್ರೇ, ಫೋಟೋದಲ್ಲಿರುವುದು ನಾಟಕವಲ್ಲ. ಆ ಗುಡ್ಡದ ಮೇಲೆ ಓದದೇ ಇದ್ದರೆ ಕಾನೂನೇ ಸತ್ತುಹೋಗುತ್ತದೆ. ಮಸೂದೆಗೆ ಅಂಕಿತ ಬಿದ್ದ 18 ತಿಂಗಳೊಳಗೆ ಅದನ್ನು ಅಲ್ಲಿ ಜನರೆದುರು ಸಾರಬೇಕು. ಇಲ್ಲದಿದ್ದರೆ ಅದು ಜಾರಿಯಲ್ಲಿ ಉಳಿಯುವುದಿಲ್ಲ. ಅಧಿಕಾರ ಎಷ್ಟು ಅನ್ನುವುದು ಮಾತ್ರ ಒಂದೇ ಸಾಲಿನಲ್ಲಿ ಮುಗಿಯುವ ಮಾತಲ್ಲ. ಅದು ಖಜಾನೆಯ ಕಥೆ. ಅಲ್ಲಿಗೆ ಬರುತ್ತೇನೆ.

ಮೊದಲು ಜಾಗ ತಿಳಿದುಕೊಳ್ಳೋಣ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿರುವ ದ್ವೀಪ ಇದು. 572 ಚದರ ಕಿಲೋಮೀಟರ್, ಅಂದರೆ ಬೆಂಗಳೂರು ನಗರಕ್ಕಿಂತ ಚಿಕ್ಕದು. 2021ರ ಗಣತಿಯಲ್ಲಿ ಜನ ಸುಮಾರು 84,000. ಬ್ರಿಟನ್ ರಾಜನೇ ಇಲ್ಲಿಗೂ ಒಡೆಯ, ಅವನಿಗೆ ಇಲ್ಲಿ 'ಲಾರ್ಡ್ ಆಫ್ ಮ್ಯಾನ್' ಎಂಬ ಬಿರುದು. ಆದರೆ ದ್ವೀಪ ಯುನೈಟೆಡ್ ಕಿಂಗ್‌ಡಮ್‌ನ ಭಾಗ ಅಲ್ಲ. ಲಂಡನ್ ಪಾರ್ಲಿಮೆಂಟಿಗೆ ಇಲ್ಲಿಂದ ಒಬ್ಬ ಸಂಸದನೂ ಹೋಗುವುದಿಲ್ಲ. ರಕ್ಷಣೆ, ವಿದೇಶಾಂಗ ಲಂಡನ್ ನೋಡಿಕೊಳ್ಳುತ್ತದೆ. ಮಿಕ್ಕದ್ದು, ಅಂದರೆ ತೆರಿಗೆ, ಆಸ್ಪತ್ರೆ, ಶಾಲೆ, ಪೊಲೀಸ್, ನೋಟು ಅಚ್ಚು ಹಾಕುವುದು ಎಲ್ಲವೂ ಈ ಶಾಸನಸಭೆಯ ಕೆಲಸ. ಅದರ ಹೆಸರೇ ಟಿನ್‌ವಾಲ್ಡ್.

ಈಗ ಆ ಗುಡ್ಡ. ಸೇಂಟ್ ಜಾನ್ಸ್ ಅನ್ನುವ ಹಳ್ಳಿಯಲ್ಲಿದೆ. ಗುಡ್ಡ ಅಂದರೆ ದೊಡ್ಡದೇನಲ್ಲ, ಎರಡಾಳು ಎತ್ತರ. ನಾಲ್ಕು ಮೆಟ್ಟಿಲಾಗಿ ಕಡೆದ ಹುಲ್ಲುದಿಬ್ಬ. ದ್ವೀಪದ 17 ಪ್ಯಾರಿಷ್‌ಗಳಿಂದಲೂ, ಅಂದರೆ ಚರ್ಚ್ ಲೆಕ್ಕದ ಹೋಬಳಿಗಳಿಂದಲೂ, ಮಣ್ಣು ತಂದು ಕಟ್ಟಿದ್ದು ಅನ್ನುವುದು ಅಲ್ಲಿನ ಐತಿಹ್ಯ. ವೈಕಿಂಗರ ಭಾಷೆಯಲ್ಲಿ 'ಥಿಂಗ್' ಅಂದರೆ ಸಭೆ, 'ವೊಲ್ರ್' ಅಂದರೆ ಬಯಲು. ಸಭೆ ಸೇರುವ ಬಯಲು ಅನ್ನುವ ಆ ಪದವೇ ಬಾಯಿಂದ ಬಾಯಿಗೆ ಸವೆದು ಟಿನ್‌ವಾಲ್ಡ್ ಆಯಿತು. ನಮ್ಮ ಕಡೆ ಪಂಚಾಯ್ತಿ ಕಟ್ಟೆ ಅನ್ನುತ್ತೇವಲ್ಲ, ಹಾಗೆ.

ಜುಲೈ 5ರ ಬೆಳಗ್ಗೆ ಹತ್ತಿರದ ಚರ್ಚ್‌ನಿಂದ ಮೆರವಣಿಗೆ ಹೊರಡುತ್ತದೆ. ದಾರಿಯುದ್ದಕ್ಕೂ ಜೊಂಡುಹುಲ್ಲು ಹಾಸಿರುತ್ತಾರೆ. ಹಿಂದಿನ ಕಾಲದಲ್ಲಿ ಸಮುದ್ರದೇವತೆ ಮನನ್ನಾನ್‌ಗೆ ಜನ ಸಲ್ಲಿಸುತ್ತಿದ್ದ ಕಂದಾಯವೇ ಈ ಜೊಂಡು ಅಂತ ಹೇಳುತ್ತಾರೆ. ಶಾಸಕರು ಎದೆಗೆ ಒಂದು ಗಿಡದ ಚಿಗುರು ಸಿಕ್ಕಿಸಿಕೊಂಡಿರುತ್ತಾರೆ, ಫೋಟೋ ದೊಡ್ಡದು ಮಾಡಿ ನೋಡಿ. ಅದು ನಮ್ಮ ಮಾಚಿಪತ್ರೆಯ ಕುಲದ್ದೇ ಗಿಡ. ಗಣಪತಿಗೆ ನಾವು ಏರಿಸುವ ಪತ್ರೆ ಅಲ್ಲಿ ಕೆಟ್ಟ ದೃಷ್ಟಿ ತಾಗದಿರಲಿ ಅಂತ ಶಾಸಕರ ಕೋಟಿನ ಮೇಲೆ! ಆಮೇಲೆ ಸಭೆಗೆ 'ಬೇಲಿ ಹಾಕುವ' ಶಾಸ್ತ್ರ. ಯಾರೂ ಜಗಳ ತೆಗೆಯಬಾರದು, ಗಲಾಟೆ ಮಾಡಬಾರದು ಅಂತ ಸಾರುತ್ತಾರೆ. ನಂತರ ಪ್ರತಿ ಕಾನೂನಿನ ಹೆಸರು, ಸಾರಾಂಶವನ್ನು ಇಂಗ್ಲಿಷ್‌ನಲ್ಲಿ ಒಮ್ಮೆ, ದ್ವೀಪದ ಸ್ವಂತ ನುಡಿಯಾದ ಮ್ಯಾಂಕ್ಸ್ ಭಾಷೆಯಲ್ಲಿ ಒಮ್ಮೆ ಓದುತ್ತಾರೆ. ಮ್ಯಾಂಕ್ಸ್ ಅನ್ನು ತಾಯ್ನುಡಿಯಾಗಿ ಕಲಿತ ಹಳೆಯ ತಲೆಮಾರಿನ ಕೊನೆಯ ವ್ಯಕ್ತಿ ನೆಡ್ ಮ್ಯಾಡ್ರೆಲ್ 1974ರಲ್ಲೇ ತೀರಿಕೊಂಡರು. ಆದರೂ ಕಾನೂನು ಮಾತ್ರ ಇವತ್ತಿಗೂ ಆ ಭಾಷೆಯಲ್ಲಿ ಕೇಳಿಸುತ್ತದೆ.

ನನಗೆ ಇದಕ್ಕಿಂತ ಇಷ್ಟವಾಗುವುದು ಆಮೇಲಿನ ಭಾಗ. ಅಹವಾಲು ಇರುವವರು ಯಾರೇ ಆಗಲಿ, ಕಾಗದ ಹಿಡಿದು ಗುಡ್ಡದ ಬುಡಕ್ಕೆ ನಡೆದುಬರಬಹುದು. ಕಾಗದ ನಿಯಮದ ಪ್ರಕಾರ ಇದ್ದರೆ ಅದು ಸಭೆಯ ಕಡತ ಸೇರುತ್ತದೆ. ಮುಂದೆ ಯಾವನಾದರೂ ಒಬ್ಬ ಸದಸ್ಯ ಅದನ್ನು ಕೈಗೆತ್ತಿಕೊಂಡು ತನಿಖೆ ಆಗಬೇಕು ಅಂತ ಕೇಳಬಹುದು. ಎಲ್ಲ ಅಹವಾಲಿಗೂ ಪರಿಹಾರ ಸಿಗುತ್ತದೆ ಅಂತಲ್ಲ. ಆದರೆ ಇಡೀ ಸರ್ಕಾರ ಬಿಸಿಲಲ್ಲೋ ಮಳೆಯಲ್ಲೋ ಬಯಲಲ್ಲಿ ಕೂತಿರುವಾಗ, ಒಬ್ಬ ಅಜ್ಜಿ ಹುಲ್ಲು ತುಳಿದುಕೊಂಡು ಬಂದು ಕೈಗೆ ಕಾಗದ ಕೊಡಬಹುದು ಅನ್ನುವುದು ಸಣ್ಣ ಮಾತಲ್ಲ.

'ಪ್ರಪಂಚದಲ್ಲೇ ಹಳೆಯದು' ಅನ್ನುವ ಬಗ್ಗೆ. ಇದನ್ನು ಸ್ವಲ್ಪ ಉಪ್ಪು ಹಾಕಿಕೊಂಡೇ ನುಂಗಬೇಕು. 979ರಲ್ಲಿ ಶುರುವಾಯಿತು ಅಂತ ಲೆಕ್ಕ ಹಿಡಿದು 1979ರಲ್ಲಿ ಸಾವಿರ ವರ್ಷದ ಹಬ್ಬ ಮಾಡಿದರು, ರಾಣಿ ಎಲಿಜಬೆತ್ ಬಂದು ಗುಡ್ಡದ ಮೇಲೆ ಕೂತರು. ಆದರೆ ಆ 979ಕ್ಕೆ ಕಾಗದದ ಆಧಾರ ಇಲ್ಲ. ಸಭೆ ಹೇಗೆ ನಡೆಯಬೇಕು ಅನ್ನುವ ಬರಹದ ದಾಖಲೆ ಸಿಗುವುದು 1400ರ ನಂತರವೇ, ಸ್ಟ್ಯಾನ್ಲಿ ಮನೆತನ ದ್ವೀಪದ ಒಡೆತನ ಪಡೆದ ಮೇಲೆ. ಐಸ್‌ಲ್ಯಾಂಡಿನ ಆಲ್ಥಿಂಗ್ 930ರದ್ದು, ಅದು ಇನ್ನೂ ಹಳೆಯದು. ಆದರೆ ಅದು 1800ರಲ್ಲಿ ಮುಚ್ಚಿ 1845ರಲ್ಲಿ ಮತ್ತೆ ತೆರೆಯಿತು. ಹಾಗಾಗಿ 'ಎಡೆಬಿಡದೆ ನಡೆದ ಸಭೆಗಳಲ್ಲಿ ನಮ್ಮದೇ ಹಳೆಯದು' ಅಂತ ಮ್ಯಾನ್ ದ್ವೀಪದವರ ವಾದ. ಅದು ಒಪ್ಪುವಂಥದ್ದೇ. ಆದರೆ ಎಡೆಬಿಡದೆ ನಡೆದದ್ದು ಏನು ಅಂತಲೂ ಕೇಳಬೇಕಲ್ವಾ?

ಕೆಳಮನೆಯ ಹೆಸರು ಹೌಸ್ ಆಫ್ ಕೀಸ್. ಸದಸ್ಯರು 24. ಮ್ಯಾಂಕ್ಸ್‌ನಲ್ಲಿ ಈ ಮನೆಗೆ 'ಕಿಯೇರ್ ಅಸ್ ಫೀಡ್' ಅನ್ನುತ್ತಾರೆ. ಸುಮ್ನೆ ಇಪ್ಪತ್ನಾಲ್ಕು ಅಂತ ಅರ್ಥ. ಆ 'ಕಿಯೇರ್ ಅಸ್' ಇಂಗ್ಲಿಷರ ಕಿವಿಗೆ 'ಕೀಸ್' ಅಂತ ಬಿದ್ದಿರಬೇಕು ಅನ್ನುವವರಿದ್ದಾರೆ. ಕಾನೂನಿನ ಬೀಗಕ್ಕೆ ಇವರೇ ಕೀಲಿಕೈ ಅನ್ನುವ ಅರ್ಥದಲ್ಲಿ ಬಂತು ಅನ್ನುವವರೂ ಇದ್ದಾರೆ. ಹೆಸರು ಹೇಗೇ ಬಂದಿರಲಿ, ಈ 24 ಜನರನ್ನು ಊರಿನವರು ಆರಿಸುತ್ತಿರಲಿಲ್ಲ. ಒಬ್ಬ ಸತ್ತರೆ ಮಿಕ್ಕವರು ಇಬ್ಬರ ಹೆಸರು ಕೊಡುವುದು, ಗವರ್ನರ್ ಒಬ್ಬನನ್ನು ತೆಗೆದುಕೊಳ್ಳುವುದು. ಭೂಮಿಯುಳ್ಳವರ ಮನೆತನದ ಆಸ್ತಿಯ ಹಾಗೆ ಸೀಟು ಉಳಿಯುತ್ತಿತ್ತು.

ಅದು ಮುರಿದದ್ದು ಒಬ್ಬ ಪತ್ರಿಕೆಯವನಿಂದ. 1864ರಲ್ಲಿ ಜೇಮ್ಸ್ ಬ್ರೌನ್ ಎಂಬ ಸಂಪಾದಕ ಕೀಸ್ ಸದಸ್ಯರನ್ನು ತನ್ನ ಪತ್ರಿಕೆಯಲ್ಲಿ ಚೆನ್ನಾಗಿ ಝಾಡಿಸಿದ. ಅವರಿಗೆ ಸಿಟ್ಟು ಬಂತು. ಕರೆಸಿದರು, ಕ್ಷಮೆ ಕೇಳು ಅಂದರು. ಅವನು ಕೇಳಲಿಲ್ಲ. ನಿಂದನೆ ಅಂತ ಆರು ತಿಂಗಳು ಜೈಲಿಗೆ ಹಾಕಿದರು. ಅವನು ಲಂಡನ್ನಿನ ಕೋರ್ಟಿಗೆ ಹೋದ. ಶಾಸನಸಭೆಯಾಗಿ ಕೂತಾಗ ನಿಮಗೆ ಆ ಅಧಿಕಾರ ಇಲ್ಲ ಅಂತ ಕೋರ್ಟ್ ಹೇಳಿ ಅವನನ್ನು ಬಿಡಿಸಿತು. ಆಮೇಲೆ ಅವನು ಪರಿಹಾರದ ಹಣವನ್ನೂ ವಸೂಲಿ ಮಾಡಿದ. ಪತ್ರಕರ್ತರನ್ನು ಹಕ್ಕುಚ್ಯುತಿ ಅಂತ ಸದನಕ್ಕೆ ಎಳೆಯುವ ಸುದ್ದಿ ನಮಗೇನು ಹೊಸದೇ! ಅಲ್ಲಿ ಆ ಪೆಟ್ಟು ಸದನಕ್ಕೇ ತಿರುಗಿತು. ಎರಡೇ ವರ್ಷದಲ್ಲಿ, 1866ರಲ್ಲಿ, ಕೀಸ್‌ಗೆ ಚುನಾವಣೆ ಆಗಬೇಕು ಅಂತ ಕಾನೂನು ಬಂತು. ಮೊದಲ ಚುನಾವಣೆ 1867ರಲ್ಲಿ.

ಬ್ರೌನ್ ಒಬ್ಬನೇ ಕಾರಣ ಅಲ್ಲ. ಇಲ್ಲಿಂದ ಖಜಾನೆಯ ಕಥೆ ಶುರು.

1700ರ ದಶಕಗಳಲ್ಲಿ ಈ ದ್ವೀಪ ಕಳ್ಳಸಾಗಣೆಗೆ ಹೆಸರುವಾಸಿ. ಇಲ್ಲಿ ಸುಂಕ ಕಡಿಮೆ. ಟೀ, ಬ್ರಾಂದಿ ಇಲ್ಲಿಗೆ ಬಂದು ರಾತ್ರೋರಾತ್ರಿ ಇಂಗ್ಲೆಂಡಿನ ದಡ ಸೇರುತ್ತಿತ್ತು. ಲಂಡನ್ ಬೊಕ್ಕಸಕ್ಕೆ ಇದು ತೂತು. ಆಗ ದ್ವೀಪದ ಒಡೆಯ ಅಥೋಲ್ ಡ್ಯೂಕ್. 1765ರಲ್ಲಿ ಅವನಿಗೆ 70,000 ಪೌಂಡ್ ಕೊಟ್ಟು ಲಂಡನ್ ಒಡೆತನವನ್ನೇ ಕೊಂಡುಕೊಂಡಿತು. ಟಿನ್‌ವಾಲ್ಡ್‌ನ್ನು ಯಾರೂ ಕೇಳಲಿಲ್ಲ. ಸಭೆಯನ್ನೇನೂ ಮುಚ್ಚಲಿಲ್ಲ, ಆದರೆ ಸುಂಕದ ಹಣವೆಲ್ಲ ಲಂಡನ್ ಕಡೆ ಹರಿಯಿತು. ನೂರು ವರ್ಷ ಹಾಗೇ ನಡೆಯಿತು. ಗುಡ್ಡ ಇತ್ತು, ಜೊಂಡು ಇತ್ತು, 24 ಜನ ಇದ್ದರು. ಬಂದರಿನ ಗೋಡೆ ಬಿದ್ದರೆ ಕಟ್ಟಿಸುವ ದುಡ್ಡು ಇರಲಿಲ್ಲ.

1866ರಲ್ಲಿ ಗವರ್ನರ್ ಹೆನ್ರಿ ಲಾಕ್ ಒಂದು ಕೊಡು-ಕೊಳ್ಳುವ ವ್ಯವಹಾರ ಕುದುರಿಸಿದ. ಖರ್ಚು ಕಳೆದು ಉಳಿದ ಸುಂಕದ ಹಣ ದ್ವೀಪಕ್ಕೇ ಬರಲಿ. ಅದಕ್ಕೆ ಪ್ರತಿಯಾಗಿ ವರ್ಷಕ್ಕೆ 10,000 ಪೌಂಡ್ ಲಂಡನ್ನಿಗೆ ಹೋಗಲಿ, ಮತ್ತು ಕೀಸ್ ಚುನಾಯಿತ ಆಗಲಿ. ಅಂದರೆ ಜನರ ಮತವೂ ಖಜಾನೆಯ ಬಾಗಿಲೂ ಒಂದೇ ವರ್ಷ, ಒಂದೇ ಒಪ್ಪಂದದಲ್ಲಿ ಬಂದವು. ಆದರೂ ಹಣದ ಮೇಲೆ ಕಡೆಯ ಮಾತು ಗವರ್ನರ್‌ದ್ದು, ಅವನ ಹಿಂದೆ ಲಂಡನ್ ಖಜಾನೆ. ಅದು ಸಡಿಲವಾಗಲು 1958ರವರೆಗೆ ಕಾಯಬೇಕಾಯಿತು.

ನಡುವೆ ಜನರೂ ಸುಮ್ಮನಿರಲಿಲ್ಲ. 1881ರ ಚುನಾವಣೆಯಲ್ಲಿ ಸ್ವಂತ ಆಸ್ತಿಯಿದ್ದ ಅವಿವಾಹಿತೆಯರು ಮತ್ತು ವಿಧವೆಯರು ಕೀಸ್‌ಗೆ ಮತ ಹಾಕಿದರು. ಹೆಂಗಸರಿಗೆ ಮತ ಕೊಟ್ಟ ಮೊದಲ ದೇಶ ಅಂತ ಹೆಸರಾದ ನ್ಯೂಜಿಲೆಂಡ್‌ಗಿಂತ 12 ವರ್ಷ ಮೊದಲೇ. ಮದುವೆಯಾದರೆ ಮತ ಇಲ್ಲ, ಆಸ್ತಿ ಇಲ್ಲದಿದ್ದರೂ ಇಲ್ಲ. ಎಲ್ಲ ವಯಸ್ಕರಿಗೂ ಮತ ಬಂದದ್ದು 1919ರಲ್ಲಿ. ಮೊದಲ ಮಹಾಯುದ್ಧದ ಕಾಲದ ಗವರ್ನರ್ ಲಾರ್ಡ್ ರ್ಯಾಗ್ಲನ್‌ಗೆ ಸುಧಾರಣೆ ಅಂದರೆ ಆಗದು. 1916ರ ಟಿನ್‌ವಾಲ್ಡ್ ದಿನ ಗುಂಪಿನಿಂದ ಒಂದು ಹುಲ್ಲುಹೆಂಟೆ ಹಾರಿಬಂದು ಅವನಿಗೇ ತಾಗಿತು. ನೋಡಿ, ಬೇಲಿ ಹಾಕುವ ಶಾಸ್ತ್ರ ಆ ದಿನ ಕೆಲಸ ಮಾಡಲಿಲ್ಲ. ಎರಡು ವರ್ಷ ಕಳೆದು ಬ್ರೆಡ್ಡಿನ ಬೆಲೆ ಏರಿದಾಗ ಇಡೀ ದ್ವೀಪ ಬಂದ್ ಆಯಿತು, ಜುಲೈ 5ರ ಸಭೆಯೇ ನಡೆಯಲಿಲ್ಲ. ಒಂಬತ್ತು ಪೆನ್ನಿಯ ಬ್ರೆಡ್ ವಾಪಸ್ ಬಂತು. ಆ ವರ್ಷದ ಕೊನೆಗೆ ಗವರ್ನರ್ ಹೊರಟುಹೋದ.

ಈಗಿನ ವ್ಯವಸ್ಥೆ ನಿಮಗೆ ಬೇಗ ಅರ್ಥವಾಗುತ್ತದೆ. ನಮ್ಮಲ್ಲೂ ಎರಡು ಮನೆ ಇವೆಯಲ್ಲ. ಕೀಸ್ ಅಂದರೆ ವಿಧಾನಸಭೆ: 12 ಕ್ಷೇತ್ರ, ಕ್ಷೇತ್ರಕ್ಕೆ ಇಬ್ಬರು, ಐದು ವರ್ಷ. ಲೆಜಿಸ್ಲೇಟಿವ್ ಕೌನ್ಸಿಲ್ ಅಂದರೆ ವಿಧಾನ ಪರಿಷತ್ತು: ಅದರ ಎಂಟು ಜನರನ್ನು ಕೀಸ್ ಸದಸ್ಯರೇ ಆರಿಸುತ್ತಾರೆ, ನಮ್ಮ ಪರಿಷತ್ತಿಗೆ ಶಾಸಕರು 25 ಜನರನ್ನು ಕಳಿಸುವ ಹಾಗೆ. ಬಿಷಪ್‌ಗೂ ಅಲ್ಲಿ ಒಂದು ಕುರ್ಚಿ. ಅವರಿಗೆ ಮತ ಯಾಕೆ ಬೇಕು ಅಂತ ವರ್ಷಗಟ್ಟಲೆ ಜಗಳ ನಡೆದಿದೆ. ವಿಶೇಷ ಅಂದರೆ ಎರಡೂ ಮನೆ ತಿಂಗಳಿಗೊಮ್ಮೆ ಒಂದೇ ಕೋಣೆಯಲ್ಲಿ ಕೂರುತ್ತವೆ. ಬಜೆಟ್, ನೀತಿ ಅಲ್ಲೇ ಚರ್ಚೆ. ಒಟ್ಟಿಗೆ ಕೂತರೂ ಮತ ಮಾತ್ರ ಬೇರೆಬೇರೆ ಎಣಿಸುತ್ತಾರೆ.

ಮಸೂದೆ ಎರಡೂ ಮನೆ ದಾಟಿದ ಮೇಲೆ ರಾಜನ ಒಪ್ಪಿಗೆ ಬೇಕು. ಸಾಮಾನ್ಯ ಮಸೂದೆಗಳಿಗೆ 1981ರಿಂದ ಲೆಫ್ಟಿನೆಂಟ್ ಗವರ್ನರೇ ಅಂಕಿತ ಹಾಕುತ್ತಾರೆ. ಸೂಕ್ಷ್ಮ ವಿಷಯವಾದರೆ ಕಡತ ಲಂಡನ್ನಿಗೆ ಹೋಗುತ್ತದೆ. ರಾಜ್ಯಪಾಲರು ಮಸೂದೆಯನ್ನು ರಾಷ್ಟ್ರಪತಿಗೆ ಕಳಿಸುವುದನ್ನು ಪೇಪರಿನಲ್ಲಿ ಓದಿರುತ್ತೀರಿ, ಹೆಚ್ಚುಕಡಿಮೆ ಅದೇ ಜಾತಿ. ದಯಾಮರಣದ ಮಸೂದೆ 2025ರ ಮಾರ್ಚ್‌ನಲ್ಲಿ ಎರಡೂ ಮನೆ ದಾಟಿತು. ಲಂಡನ್ ಪಾರ್ಲಿಮೆಂಟ್, ಎಡಿನ್‌ಬರಾದ ಸ್ಕಾಟ್ಲೆಂಡ್ ಪಾರ್ಲಿಮೆಂಟ್ ಎರಡಕ್ಕಿಂತ ಮೊದಲು. ಆದರೆ ಮನೆ ದಾಟಿದ ಮಾತ್ರಕ್ಕೆ ಅದು ಗುಡ್ಡ ಹತ್ತುವುದಿಲ್ಲ, ನಡುವೆ ಆ ಅಂಕಿತ ಇದೆ.

ಲಂಡನ್ ನಿಜಕ್ಕೂ ಕೈ ಹಾಕುತ್ತದೆಯೇ? ಹಾಕಿದೆ. 1960ರ ದಶಕದಲ್ಲಿ ರ್ಯಾಮ್ಸೆ ಊರಿನ ಕಡಲಲ್ಲಿ ಒಂದು ಹಡಗು ನಿಂತಿರುತ್ತಿತ್ತು. ಅದು ರೇಡಿಯೋ ಕ್ಯಾರೊಲೈನ್, ಲೈಸೆನ್ಸ್ ಇಲ್ಲದ ಹಾಡಿನ ಸ್ಟೇಷನ್. ದ್ವೀಪದವರಿಗೆ ಅದು ಇಷ್ಟ, ಪ್ರವಾಸಿಗರನ್ನೂ ಎಳೆಯುತ್ತಿತ್ತು. ಲಂಡನ್ 1967ರಲ್ಲಿ ಇಂಥ ಸ್ಟೇಷನ್‌ಗಳನ್ನು ನಿಷೇಧಿಸಿತು. ನೀವೂ ಮಾಡಿ ಅಂತ ಮ್ಯಾನ್ ದ್ವೀಪಕ್ಕೆ ಹೇಳಿತು. ಕೀಸ್ ಒಲ್ಲೆ ಅಂದಿತು. ಲಂಡನ್ ರಾಜಾಜ್ಞೆ ಹೊರಡಿಸಿ ತನ್ನ ಕಾನೂನನ್ನೇ ಅಲ್ಲಿಗೂ ಹಚ್ಚಿತು. ವಿಷಯ ಹಾಡಿನದ್ದು, ಆದರೆ ದ್ವೀಪದವರಿಗೆ ಅದು ಮಾನದ ಪ್ರಶ್ನೆಯಾಯಿತು. ದ್ವೀಪದ ಒಳಗಿನ ವಿಷಯಕ್ಕೆ ಒಪ್ಪಿಗೆ ಇಲ್ಲದೆ ಕಾನೂನು ಮಾಡಬಾರದು ಅನ್ನುವ ವಾಡಿಕೆ ಇದೆ. ಆದರೆ ವಾಡಿಕೆ ಅಷ್ಟೇ. ಮಾಡಲೇಬೇಕು ಅಂತ ಲಂಡನ್ ಹೊರಟರೆ ತಡೆಯುವ ಬರೆದ ನಿಯಮ ಇಲ್ಲ.

ಹಾಗಂತ ಹೊರಗಿನವರು ಕೈ ಹಾಕಿದ್ದೆಲ್ಲ ತಪ್ಪು ಅನ್ನಲಾರೆ. ತಪ್ಪು ಮಾಡಿದ ಹುಡುಗರಿಗೆ ಮರದ ಕಡ್ಡಿಗಳ ಕಟ್ಟಿನಿಂದ ಹೊಡೆಯುವ ಶಿಕ್ಷೆ ಅಲ್ಲಿ ಇತ್ತು. 1978ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಇದು ಹೀನಾಯ ಅಂತ ತೀರ್ಪು ಕೊಟ್ಟಿತು. ದ್ವೀಪದ ಬಹಳ ಜನ ಆ ಶಿಕ್ಷೆಯ ಪರವೇ ಇದ್ದರು. ಕಾನೂನಿನ ಪುಸ್ತಕದಿಂದ ಅದು ಹೋದದ್ದು 1993ರಲ್ಲಿ. ಸ್ವಂತ ಶಾಸನಸಭೆ ಇದೆ ಅಂದಮಾತ್ರಕ್ಕೆ ಅಲ್ಲಿ ಹುಟ್ಟುವ ಕಾನೂನೆಲ್ಲ ಒಳ್ಳೆಯದೇ ಆಗಿರಬೇಕಿಲ್ಲ.

ಬೈಕ್ ರೇಸಿನ ಹುಚ್ಚಿರುವ ಹುಡುಗರು ನಿಮ್ಮ ಊರಲ್ಲೂ ಇರುತ್ತಾರೆ, ಅವರಿಗೆ ಈ ದ್ವೀಪ ಗೊತ್ತಿರುತ್ತದೆ. ಟಿಟಿ (ಟೂರಿಸ್ಟ್ ಟ್ರೋಫಿ) ಎಂಬ ಬೈಕ್ ರೇಸ್ ಅಲ್ಲಿ ನಡೆಯುವುದಕ್ಕೂ ಶಾಸನಸಭೆಯೇ ಕಾರಣ. ಇಂಗ್ಲೆಂಡಿನಲ್ಲಿ ಆಗ ವೇಗಮಿತಿ ಗಂಟೆಗೆ 20 ಮೈಲಿ, ರೇಸಿಗಾಗಿ ರಸ್ತೆ ಮುಚ್ಚಲು ಪಾರ್ಲಿಮೆಂಟ್ ಒಪ್ಪುತ್ತಿರಲಿಲ್ಲ. ಟಿನ್‌ವಾಲ್ಡ್ 1904ರಲ್ಲಿ ಅದಕ್ಕೆಂದೇ ಕಾನೂನು ಮಾಡಿ ರಸ್ತೆ ಮುಚ್ಚಿಕೊಟ್ಟಿತು. 1907ರಿಂದ ಟಿಟಿ ಶುರು. ಸ್ವಂತ ಕಾನೂನು ಅಂದರೆ ಏನು ಅಂತ ಮಕ್ಕಳಿಗೆ ಪಾಠ ಮಾಡುವುದಾದರೆ ನಾನು ಇದನ್ನೇ ಹೇಳುತ್ತೇನೆ.

ಇನ್ನು ನಮ್ಮದೇ ಒಂದು ಉದಾಹರಣೆ. 24 ಜನರ ಸದನ ಅಂದಾಗ ನನಗೆ ನೆನಪಾಗುವುದು ಕೊಡಗು. 1950ರಿಂದ 1956ರವರೆಗೆ ಕೊಡಗು ಬೇರೆ ರಾಜ್ಯವಾಗಿತ್ತಲ್ಲ, 1952ರಿಂದ ಅದರ ವಿಧಾನಸಭೆಯಲ್ಲಿ ಇದ್ದವರೂ 24 ಮಂದಿಯೇ. ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ. ಆದರೆ ಆ ಸದನ ಹುಟ್ಟಿದ್ದು 1951ರಲ್ಲಿ ದೆಹಲಿ ಮಾಡಿದ ಒಂದು ಕಾಯ್ದೆಯಿಂದ. ಹೋದದ್ದೂ ದೆಹಲಿ ಮಾಡಿದ ಇನ್ನೊಂದು ಕಾಯ್ದೆಯಿಂದ, 1956ರ ನವೆಂಬರ್ 1ಕ್ಕೆ. ಮೈಸೂರಿಗೆ ಸೇರಿದ್ದು ಸರಿಯೋ ತಪ್ಪೋ ಅನ್ನುವ ಚರ್ಚೆ ಬೇರೆ. ಇಲ್ಲಿ ಗಮನಿಸಬೇಕಾದ್ದು ಬುಡ. ಟಿನ್‌ವಾಲ್ಡ್ ಲಂಡನ್ ಪಾರ್ಲಿಮೆಂಟಿನ ಕಾಯ್ದೆಯಿಂದ ಹುಟ್ಟಿದ್ದಲ್ಲ, ಆ ಪಾರ್ಲಿಮೆಂಟ್ ಕಣ್ಣುಬಿಡುವ ಮೊದಲೇ ಇತ್ತು. 1765ರಲ್ಲಿ ಒಡೆತನ ಕೊಂಡವರೂ ಅದನ್ನು ಮುಚ್ಚುವ ಗೋಜಿಗೆ ಹೋಗಲಿಲ್ಲ.

ಮುಚ್ಚದೆಯೂ ಹಿಂಡಬಹುದು ಅನ್ನುವುದಕ್ಕೆ 2009 ನೋಡಿ. ದ್ವೀಪ ಮತ್ತು ಬ್ರಿಟನ್ ವ್ಯಾಟ್ ಹಣವನ್ನು ಒಂದೇ ಚೀಲಕ್ಕೆ ಹಾಕಿ ಆಮೇಲೆ ಹಂಚಿಕೊಳ್ಳುತ್ತವೆ. ಆ ವರ್ಷ ಲಂಡನ್ ಹಂಚಿಕೆಯ ಸೂತ್ರವನ್ನು ಬದಲಿಸಿತು. ದ್ವೀಪದ ಆದಾಯಕ್ಕೆ ದೊಡ್ಡ ಹೊಡೆತ ಬಿತ್ತು, ವರ್ಷಗಟ್ಟಲೆ ಖರ್ಚು ಕಡಿತ ಮಾಡಬೇಕಾಯಿತು. ಕಂಪನಿಗಳಿಗೆ ಸೊನ್ನೆ ತೆರಿಗೆ ಹಾಕಿ ಹಣ ಸೆಳೆಯುತ್ತೀರಿ, ಜೊತೆಗೆ ನಮ್ಮ ವ್ಯಾಟ್‌ನಲ್ಲೂ ಜಾಸ್ತಿ ಪಾಲು ಬೇಕೇ ಅನ್ನುವ ಕೊರಗು ಬ್ರಿಟನ್ನಿನಲ್ಲಿ ಇತ್ತು, ಅದರಲ್ಲಿ ಹುರುಳಿಲ್ಲ ಅನ್ನಲಾಗದು. ಆದರೆ ಕರ್ನಾಟಕದವರಾದ ನಮಗೆ ದ್ವೀಪದವರ ಸಂಕಟವೂ ಗೊತ್ತಾಗುತ್ತದೆ. ಕೇಂದ್ರದ ತೆರಿಗೆ ಹಂಚಿಕೆಯಲ್ಲಿ ನಮ್ಮ ಪಾಲು 14ನೇ ಹಣಕಾಸು ಆಯೋಗದಲ್ಲಿ 4.713% ಇದ್ದದ್ದು 15ನೆಯದರಲ್ಲಿ 3.647%ಕ್ಕೆ ಇಳಿಯಿತು. ವಿಧಾನಸೌಧದ ಒಂದು ಕಲ್ಲೂ ಅಲುಗಾಡಲಿಲ್ಲ.

ಇಷ್ಟು ಹೇಳಿ ಅಲ್ಲಿನ ಒಂದು ಹುಳುಕು ಹೇಳದಿದ್ದರೆ ತಪ್ಪಾಗುತ್ತದೆ. ಕೀಸ್ ಸದಸ್ಯರಲ್ಲಿ ಹೆಚ್ಚಿನವರು ಪಕ್ಷೇತರರು. ಪಕ್ಷದ ವಿಪ್ ಇಲ್ಲ, ರೆಸಾರ್ಟ್ ರಾಜಕಾರಣವೂ ಇಲ್ಲ ಅಂತ ಖುಷಿಪಡಬೇಡಿ. 24 ಜನರಲ್ಲಿ ಒಂದಷ್ಟು ಮಂದಿ ಮಂತ್ರಿಗಳು, ಮಿಕ್ಕವರಲ್ಲಿ ಬಹುಪಾಲು ಯಾವುದಾದರೊಂದು ಇಲಾಖೆಯಲ್ಲಿ ಸ್ಥಾನ ಹಿಡಿದವರು. ಮೇಲ್ಮನೆಯವರಿಗೂ ಇಲಾಖೆ ಸಿಗುತ್ತದೆ. ಹೀಗಾದರೆ ಎದ್ದುನಿಂತು ಪ್ರಶ್ನೆ ಕೇಳುವವರು ಯಾರು ಉಳಿದರು? ಚಿಕ್ಕ ಊರಿನ ಕಷ್ಟ ಇದು. ಎಲ್ಲರೂ ಎಲ್ಲರಿಗೂ ಗೊತ್ತು, ಎಲ್ಲರಿಗೂ ಒಂದೊಂದು ಹುದ್ದೆ. ಚುನಾವಣೆಯಲ್ಲೂ ಪಕ್ಷ ಇಲ್ಲದಿದ್ದರೆ ಮತದಾರ ಯಾವ ಕಾರ್ಯಕ್ರಮಕ್ಕೆ ಮತ ಹಾಕುತ್ತಿದ್ದಾನೆ ಅನ್ನುವುದು ಅವನಿಗೇ ತಿಳಿಯುವುದಿಲ್ಲ. ಸರ್ಕಾರದ ಕಾರ್ಯಕ್ರಮ ತಯಾರಾಗುವುದು ಫಲಿತಾಂಶ ಬಂದ ಮೇಲೆ. 2021ರಲ್ಲಿ 10 ಮಂದಿ ಮಹಿಳೆಯರು ಗೆದ್ದದ್ದು ಮಾತ್ರ ಮೆಚ್ಚುವ ಸಂಗತಿ. 224ರ ನಮ್ಮ ಸದನ ಆ ಪ್ರಮಾಣದ ಹತ್ತಿರಕ್ಕೂ ಹೋಗಿಲ್ಲ.

ಕೊನೆಗೆ ನೀವು ಕೇಳದೇ ಇದ್ದ ಒಂದು ವಿಷಯ, ಆದರೆ ಮಗಳಿಗೆ ತಿಳಿಸಿ. ಅಲ್ಲಿ ಮತದಾನದ ವಯಸ್ಸು 16, 2006ರಿಂದ. ಪೌರತ್ವ ಯಾವ ದೇಶದ್ದು ಅಂತ ನೋಡುವುದಿಲ್ಲ. 12 ತಿಂಗಳು ದ್ವೀಪದಲ್ಲಿ ವಾಸವಿದ್ದು ಪಟ್ಟಿಗೆ ಹೆಸರು ಸೇರಿಸಿಕೊಂಡರೆ ಸಾಕು. ಅಂದರೆ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೂ ಅವಳು ಕೀಸ್ ಚುನಾವಣೆಯಲ್ಲಿ ಮತ ಹಾಕಬಹುದು. ಕ್ಷೇತ್ರಕ್ಕೆ ಇಬ್ಬರು ಸದಸ್ಯರು, ಹಾಗಾಗಿ ಅವಳಿಗೆ ಎರಡು ಮತ. ಅಭ್ಯರ್ಥಿಗಳು ಮನೆಬಾಗಿಲಿಗೇ ಬರುತ್ತಾರೆ, ಊರು ಅಷ್ಟು ಚಿಕ್ಕದು. ಆಸ್ಪತ್ರೆಯ ಪಾಳಿ, ಬಾಡಿಗೆ ಮನೆಯ ಕಷ್ಟ ಏನೇ ಇದ್ದರೂ ಆಗ ಕೇಳಲಿ. ಅವರು ಗೆದ್ದ ಮೇಲೂ ಕೇಳಲಿಲ್ಲ ಅಂದರೆ ಜುಲೈ 5ಕ್ಕೆ ಹೇಗೂ ರಜೆ ಇದೆ, ಕಾಗದ ಬರೆದುಕೊಂಡು ಸೇಂಟ್ ಜಾನ್ಸ್‌ಗೆ ಹೋಗಲಿ.